ಹಿನ್ನೀರಿನ ದಡದ ಜಾಗ ಇಷ್ಟು ಅಗ್ಗ ಯಾಕೆ?

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೇ ತಾಗಿದ, ಗಾಳ ಹಾಕಲು ಅನುಕೂಲವಾದ ಎರಡು ಎಕರೆ ಜಮೀನು ಅರ್ಧ ಬೆಲೆಗೆ ಮಾರಾಟಕ್ಕೆ ಬಂದಿದೆ ಅಂದರೆ, ನೀರಂಚಿನ ಪಟ್ಟಿ ಬಹುಶಃ ಮಾರುವವರದ್ದೇ ಅಲ್ಲ. ಮುಳುಗಡೆಗೆ ಸ್ವಾಧೀನವಾದದ್ದೋ ಅರಣ್ಯದ್ದೋ ಇರಬೇಕು. ಪಹಣಿ ನೋಡದೆ ಖಚಿತ ಹೇಳಲಾಗದು.

ಮೊದಲು ನೀರಂಚಿನಲ್ಲೇ ನಿಂತು ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಆಮೇಲೆ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ ದಾಖಲೆ), ಇಸಿ (ಋಣಭಾರ ಪತ್ರ) ತೆಗೆಸಿ. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮೂಲ ಆದೇಶ ಓದಲೇಬೇಕು: ಪರಿಶಿಷ್ಟರಿಗೆ ಮಂಜೂರಾದದ್ದನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಕ್ರಯವೇ ಅಸಿಂಧು.

ಮಳೆಗಾಲ ಮುಗಿದ ಹೊತ್ತಿನ ಫೋಟೋ ನಂಬಬೇಡಿ. ಜಲಾಶಯ ಗರಿಷ್ಠ ಮಟ್ಟಕ್ಕೆ (ಸಮುದ್ರಮಟ್ಟದಿಂದ 1819 ಅಡಿ) ತುಂಬಿದಾಗ ಕಾಲಬುಡದಲ್ಲಿರುವ ನೀರು ಬೇಸಿಗೆಯಲ್ಲಿ ಬಹುದೂರ ಸರಿಯುತ್ತದೆ, ದಡವೆಲ್ಲ ಕೆಸರು. ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ನೋಡಿ, ಸರ್ವೆಯರ್ ಕರೆಸಿ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.