ಬಿಪಿ ನಾರ್ಮಲ್ ಬಂತೆಂದು ಮಾತ್ರೆ ಬಿಡಬಹುದೇ?

ಪ್ರಶ್ನೆ: ನಮ್ಮ ಅಪ್ಪಾಜಿಗೆ 58 ವರ್ಷ, ಜಗಳೂರು ಕಡೆ ಬೇಸಾಯ. ಅಮ್ಲೋಡಿಪಿನ್ 5 ಮಿ.ಗ್ರಾಂ. ತಗೊಂಡು ಬಿಪಿ 128/80ಕ್ಕೆ ಇಳಿದಿತ್ತು. ‘ವಾಸಿಯಾಯ್ತು, ಕಾಲೂ ಊದ್ತಿದೆ’ ಅಂತ ಬಿಟ್ಟುಬಿಟ್ಟರು. ಈಗ 164/98 ಇದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರೆ. ಏನು ಮಾಡೋದು ಡಾಕ್ಟ್ರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: 128/80 ಬಂದಿದ್ದು ಮಾತ್ರೆಯಿಂದಲೇ. ಅಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ನಿಲ್ಲಿಸಿದ ಒಂದೆರಡು ವಾರದಲ್ಲಿ ನಾಳ ಮತ್ತೆ ಬಿಗಿಯುತ್ತದೆ, ಬಿಪಿ ಏರುತ್ತದೆ. ತಲೆನೋವು, ತಲೆಸುತ್ತು ಇಲ್ಲವೆಂದು ಸುಮ್ಮನಿರಬೇಡಿ. ಮಿದುಳು, ಹೃದಯ, ಕಿಡ್ನಿಗೆ ಆಗುವ ಹಾನಿ ಬಹುಪಾಲು ಗೊತ್ತೇ ಆಗುವುದಿಲ್ಲ.

ಕಾಲೂತ ಈ ಮಾತ್ರೆಯ ಪರಿಚಿತ ಅಡ್ಡಪರಿಣಾಮ. ರಕ್ತ ತರುವ ಸಣ್ಣ ಅಪಧಮನಿಗಳು ಹಿಗ್ಗಿದಷ್ಟು ರಕ್ತ ವಾಪಸ್ ಒಯ್ಯುವ ಅಭಿಧಮನಿಗಳು ಹಿಗ್ಗುವುದಿಲ್ಲ, ಹಾಗಾಗಿ ಪಾದದಲ್ಲಿ ನೀರು ಒಸರಿ ನಿಲ್ಲುತ್ತದೆ. ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯಿಂದ ಇದು ಅಷ್ಟಾಗಿ ಇಳಿಯದು. ವೈದ್ಯರು ಡೋಸ್ ತಗ್ಗಿಸಬಹುದು, ಅಥವಾ ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ಸೇರಿಸಬಹುದು, ಬದಲಿಸಲೂಬಹುದು. ಊತದ ಜೊತೆ ಮಲಗಿದಾಗ ಉಸಿರು ಕಟ್ಟಿದರೆ ಅಥವಾ ಬೆಳಗ್ಗೆ ಮುಖ ಊದಿದರೆ ಹೃದಯ, ಕಿಡ್ನಿ ಪರೀಕ್ಷೆ ಆಗಲೇಬೇಕು.

ನನಗೆ ಹೆಚ್ಚು ಆತಂಕ ಆ ಮಂಡಿನೋವಿನ ಮಾತ್ರೆಯದು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇವು ಕಿಡ್ನಿಯಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡಿ ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಕಿಡ್ನಿಗೇ ಪೆಟ್ಟು. ಆ ಮಾತ್ರೆಯನ್ನೂ ವೈದ್ಯರಿಗೆ ತೋರಿಸಿ.

ಬಿಪಿ ನೋಡುವ ಕ್ರಮವೂ ಸರಿಯಿರಲಿ. ಅರ್ಧ ಗಂಟೆ ಮೊದಲು ಟೀ, ಬೀಡಿ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗಿ, ಪಾದ ನೆಲಕ್ಕೂರಿ 5 ನಿಮಿಷ ಮಾತಾಡದೆ ಕೂರಲಿ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ, ತೋಳು ಎದೆಯ ಮಟ್ಟಕ್ಕಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಹೆಚ್ಚು ಬರುತ್ತದೆ. ಬೆಳಗ್ಗೆ, ಸಂಜೆ ಎರಡೆರಡು ಸಲ, ಒಂದು ನಿಮಿಷ ಬಿಟ್ಟು ನೋಡಿ, 7 ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ದಾಟಿದರೆ ಅದು ಹೆಚ್ಚೇ. ಆದರೆ 164/98 ಇರುವಾಗ ಆ ವಾರ ಮುಗಿಯಲೆಂದು ಕಾಯಬೇಡಿ, ಒಂದೆರಡು ದಿನದಲ್ಲೇ ತೋರಿಸಿ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ಸಾರಿಗೆ ಉಪ್ಪು ತಗ್ಗಿಸಿ, ರೊಟ್ಟಿಗೆ ಉಪ್ಪಿನಕಾಯಿ, ಸಂಜೆಗೆ ಮಂಡಕ್ಕಿ ಮಿರ್ಚಿ ಆದರೆ ಲೆಕ್ಕ ತಪ್ಪುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ತಗೊಳ್ಳುವವರು, ಕಿಡ್ನಿ ತೊಂದರೆಯವರು ವೈದ್ಯರನ್ನು ಕೇಳದೆ ಬಳಸಬಾರದು.

ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ, ಶುಗರ್, ಮೂತ್ರ ಪರೀಕ್ಷೆ, ಇಸಿಜಿ ಮಾಡಿಸಿ. ಬಿಪಿ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಹೊಸ ಮಾತ್ರೆ ಶುರುವಾದರೆ ಪೂರ್ತಿ ಪರಿಣಾಮಕ್ಕೆ 4 ವಾರದವರೆಗೆ ಬೇಕಾಗಬಹುದು, ನಾಲ್ಕೇ ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಅನ್ನಬೇಡಿ.

180/120 ದಾಟಿದ್ದರ ಜೊತೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮಾತು ತೊದಲಿದರೆ, ಒಂದು ಕೈಕಾಲು ಸೋತರೆ ಬಿಪಿ ಎಷ್ಟೇ ಇರಲಿ, ಕಾಯಬೇಡಿ. ನಾಲಿಗೆ ಕೆಳಗೆ ಮಾತ್ರೆ ಇಟ್ಟು ಬಿಪಿ ಇಳಿಸಲು ಹೋಗಬೇಡಿ, ದಿಢೀರನೆ ಇಳಿದರೆ ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ.