ಓದುಗರ ಪ್ರಶ್ನೆ: ದಿಲ್ಲಿ ದುಡ್ಡು, ಪಂಚಾಯಿತಿ ಪಾಡು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಊರಿಗೆ ಬರುವ ಕೇಂದ್ರದ ದುಡ್ಡಿನ ಬಗ್ಗೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ನರೇಗಾ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಅದಕ್ಕೆ ಇಡೀ ಅಂಕಣವೇ ಬೇಕು.

ಪ್ರಶ್ನೆ: ನಾನು ಮೊದಲ ಸಲ ಗೆದ್ದ ಸದಸ್ಯೆ. ನಮ್ಮೂರಿನಲ್ಲಿ ಸ್ಮಶಾನಕ್ಕೆ ಹೋಗುವ ದಾರಿ ಮಳೆ ಬಂದರೆ ಕೆಸರಿನ ಹೊಂಡ. ಹೆಣ ಹೊತ್ತವರೇ ಜಾರಿ ಬಿದ್ದಿದ್ದಾರೆ. 15ನೇ ಹಣಕಾಸಿನಲ್ಲಿ ಮಾಡಿಸಿ ಅಂದರೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ‘ಅದು ಕೇಂದ್ರದ ದುಡ್ಡು ಮೇಡಂ, ನೀರು ಚರಂಡಿ ಬಿಟ್ಟು ಬೇರೆಯದಕ್ಕೆ ಬರಲ್ಲ’ ಅನ್ನುತ್ತಾರೆ. ದುಡ್ಡು ಬಂದಿರುವುದು ನಮ್ಮ ಪಂಚಾಯಿತಿಗೆ ತಾನೇ?
– ಗ್ರಾ.ಪಂ. ಸದಸ್ಯೆ, ಕೊಪ್ಪಳ ಜಿಲ್ಲೆ

ಉತ್ತರ: ಪಿಡಿಓ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೇಂದ್ರದ ದುಡ್ಡಿನಲ್ಲಿ ಯಾರಿಗೆ ಎಷ್ಟು ಪಾಲು ಅಂತ ಹೇಳುವ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಹಾಕಿಕೊಟ್ಟ ಲೆಕ್ಕದಲ್ಲಿ ನೂರು ರೂಪಾಯಿ ಬಂದರೆ ಅರವತ್ತು ‘ನಿರ್ಬಂಧಿತ’. ಅದರಲ್ಲಿ ಮೂವತ್ತು ನೈರ್ಮಲ್ಯಕ್ಕೆ, ಇನ್ನು ಮೂವತ್ತು ಕುಡಿಯುವ ನೀರು, ಮಳೆನೀರು ಕೊಯ್ಲು, ಬಳಸಿದ ನೀರಿನ ಮರುಬಳಕೆಗೆ. ಅದನ್ನು ಮುಟ್ಟಿ ರಸ್ತೆ ಮಾಡಿಸುವ ಹಾಗಿಲ್ಲ. ಉಳಿದ ನಲವತ್ತು ‘ಅನಿರ್ಬಂಧಿತ’, ಅಂದರೆ ಊರಿಗೆ ಏನು ಬೇಕೋ ಅದಕ್ಕೆ. ಸಂಬಳಕ್ಕೆ, ಕಚೇರಿ ಖರ್ಚಿಗೆ ಮಾತ್ರ ಬಳಸುವಂತಿಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆ ಅಂತ ಕೊಟ್ಟಿರುವ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆ ಎಲ್ಲಾ ಇವೆ. ಹಾಗಾಗಿ ನಿಮ್ಮ ದಾರಿಗೆ ದುಡ್ಡು ಆ ನಲವತ್ತರಲ್ಲಿ ಹುಡುಕಬೇಕು. ‘ಅನಿರ್ಬಂಧಿತದಲ್ಲಿ ಎಷ್ಟು ಉಳಿದಿದೆ, ಯಾವ ಕಾಮಗಾರಿಗೆ ಇಟ್ಟಿದ್ದೀರಿ’ ಎಂದು ಸಭೆಯಲ್ಲಿ ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ. ಬಾಯಿ ಮಾತು ಬೇಡ.

ಆದರೆ ನಿಜವಾದ ತೊಡಕು ಇಲ್ಲಿಲ್ಲ. ಕೆಲಸ ಕ್ರಿಯಾ ಯೋಜನೆಯಲ್ಲಿ ಇರಬೇಕು, ಆ ಯೋಜನೆ ಇ-ಗ್ರಾಮ್ ಸ್ವರಾಜ್ ಪೋರ್ಟಲ್‌ಗೆ ಏರಿರಬೇಕು, ಬಿಲ್ ಪಾವತಿಯೂ ಅಲ್ಲಿಂದಲೇ ಆಗಬೇಕು. 2020ರ ಏಪ್ರಿಲ್ 24ಕ್ಕೆ ಶುರುವಾದ ಪೋರ್ಟಲ್ ಅದು. ದಿಲ್ಲಿಯಲ್ಲಿ ಕೂತವರಿಗೆ ನಿಮ್ಮೂರು ಕಾಣುವುದು ಅದರೊಳಗಿಂದ ಮಾತ್ರ. ಯೋಜನೆಯಲ್ಲಿ ಇಲ್ಲದ ರಸ್ತೆ ಎಷ್ಟೇ ಕೆಸರಾಗಿದ್ದರೂ ಅವರ ಲೆಕ್ಕಕ್ಕೆ ಇಲ್ಲವೇ ಇಲ್ಲ.

ಈ ಯೋಜನೆ ಮಾಡುವ ಹೊತ್ತು ಯಾವುದು ಅನ್ನುವುದನ್ನು ನೆನಪಿಡಿ. 2018ರಿಂದ ಕೇಂದ್ರ ‘ಸಬ್‌ಕೀ ಯೋಜನಾ ಸಬ್‌ಕಾ ವಿಕಾಸ್’ ಅಂತ ಅಭಿಯಾನ ಮಾಡುತ್ತದೆ, ಸಾಮಾನ್ಯವಾಗಿ ಗಾಂಧಿ ಜಯಂತಿ ಹೊತ್ತಿಗೆ ಶುರು. ನಮ್ಮಲ್ಲಿ ಅದಕ್ಕೆ ‘ನಮ್ಮ ಗ್ರಾಮ ನಮ್ಮ ಯೋಜನೆ’ ಅನ್ನುತ್ತಾರೆ. ಮುಂದಿನ ವರ್ಷದ ಪಟ್ಟಿ ಆಗ ತಯಾರಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ವಾರ್ಡ್ ಸಭೆ ನಡೆಸುವವರು ಆ ವಾರ್ಡಿನ ಸದಸ್ಯರೇ, ಅಂದರೆ ನೀವು. ತುಂಬಾ ಕಡೆ ಈ ಸಭೆ ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ, ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಾರೆ, ಆಮೇಲೆ ಪಟ್ಟಿಯನ್ನು ಯಾರೋ ಇಬ್ಬರು ಮೂವರು ಕಂಪ್ಯೂಟರ್ ಮುಂದೆ ಕೂತು ಹಿಂದಿನ ವರ್ಷದ್ದನ್ನೇ ತಿರುಗಿಸಿ ಮುರುಗಿಸಿ ಮುಗಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಜಾರಿ ಬಿದ್ದವರನ್ನೇ ಕರೆತಂದು ಕೂರಿಸಿ.

ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ನಿರ್ಬಂಧಿತದ ಎರಡು ಭಾಗಗಳಲ್ಲಿ ಒಂದರ ಕೆಲಸ ಊರಿನಲ್ಲಿ ಪೂರ್ತಿ ಮುಗಿದಿದ್ದರೆ ಆ ದುಡ್ಡನ್ನು ಇನ್ನೊಂದಕ್ಕೆ ಬಳಸಬಹುದು, ಗ್ರಾಮಸಭೆ ಅದನ್ನು ದೃಢೀಕರಿಸಬೇಕು. ಇದರಿಂದ ನಿಮ್ಮ ರಸ್ತೆ ಆಗಲ್ಲ. ಆದರೆ ಅನಿರ್ಬಂಧಿತದಲ್ಲಿ ಪೈಪು, ಮೋಟರ್ ಅಂತ ನೀರಿನ ಕೆಲಸ ಸೇರಿಸಿದ್ದರೆ ಅದನ್ನು ನಿರ್ಬಂಧಿತದ ಕಡೆ ತಳ್ಳಿ, ರಸ್ತೆಗೆ ಜಾಗ ಮಾಡಿಕೊಳ್ಳಬಹುದು. ಹಳೇ ಸದಸ್ಯರಿಗೆ ಈ ಆಟ ಗೊತ್ತಿರುತ್ತದೆ.

ಕೊನೆಗೊಂದು, ಕೇಳದಿದ್ದರೂ ಹೇಳುವ ಮಾತು. ಮುಂದೆ ನೀವು ಅಧ್ಯಕ್ಷೆ ಆದರೆ ಬಿಲ್ ಪಾವತಿಗೆ ಡಿಜಿಟಲ್ ಸಹಿ ಹಾಕುವ ಡೊಂಗಲ್ ನಿಮ್ಮ ಹತ್ತಿರವೇ ಇರಲಿ. ಮನೆಯವರ ಜೇಬಿನಲ್ಲಿ ಬೇಡ.

ಪ್ರಶ್ನೆ: ಜಲಜೀವನ್ ಅಂತ ಸಿಮೆಂಟ್ ರಸ್ತೆ ಅಗೆದು ಪೈಪ್ ಹಾಕಿ ನಲ್ಲಿ ನಿಲ್ಲಿಸಿ ಹೋದರು. ನೀರು ವಾರಕ್ಕೆ ಎರಡು ದಿನ. ಈಗ ಪಂಚಾಯಿತಿಯವರು ತಿಂಗಳಿಗೆ ಇಷ್ಟು ಕಟ್ಟಿ ಅಂತಿದ್ದಾರೆ. ಕೇಂದ್ರದ ಯೋಜನೆಗೆ ನಾವು ಯಾಕೆ ಕಟ್ಟಬೇಕು?
– ಒಬ್ಬ ಓದುಗ, ಹಾಸನ ಜಿಲ್ಲೆ

ಉತ್ತರ: ಬೋರ್ಡಿನಲ್ಲಿ ಕೇಂದ್ರದ ಹೆಸರು ದೊಡ್ಡದಾಗಿರುತ್ತದೆ ನಿಜ. 2019ರ ಆಗಸ್ಟ್ 15ಕ್ಕೆ ಘೋಷಣೆಯಾದ ಯೋಜನೆ, ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಆ ದುಡ್ಡು ಪೈಪು, ಟ್ಯಾಂಕು, ನಲ್ಲಿಗೆ. ಆಮೇಲಿನ ಕರೆಂಟು, ರಿಪೇರಿ, ನೀರುಗಂಟಿಯ ಸಂಬಳ ಪಂಚಾಯಿತಿ ತಲೆಗೆ. ಹಾಗಾಗಿ ನೀರಿನ ಕರ ಕೇಳುವುದು ತಪ್ಪಲ್ಲ. ಕೊಡದ ನೀರಿಗೆ ಕೇಳುವುದು ತಪ್ಪು. ತಲೆಗೆ ದಿನಕ್ಕೆ 55 ಲೀಟರ್ ಅನ್ನುವುದು ಯೋಜನೆಯ ಲೆಕ್ಕ, ಅದೂ ನಿಯಮಿತವಾಗಿ. ಎರಡು ದಿನದ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳುವುದಕ್ಕೆ ನಲ್ಲಿ ಯಾಕೆ ಬೇಕಿತ್ತು?

ನಿಮ್ಮ ಕೈಯಲ್ಲಿ ಒಂದು ಹಿಡಿತ ಇದೆ. ‘ಈ ಊರಿನಲ್ಲಿ ಎಲ್ಲ ಮನೆಗೂ ನೀರು ಬಂತು’ ಎಂದು ಇಲಾಖೆ ವರದಿ ಮಾಡಿದರೆ ಸಾಲದು, ಗ್ರಾಮಸಭೆ ಠರಾವು ಮಾಡಿ ಒಪ್ಪಿದರೆ ಮಾತ್ರ ಊರು ‘ಹರ್ ಘರ್ ಜಲ್’ ಅಂತ ದೃಢೀಕೃತ ಪಟ್ಟಿಗೆ ಹೋಗುತ್ತದೆ. ಆ ಠರಾವು ನಿಮ್ಮಲ್ಲಿ ಆಗಿದೆಯಾ ಕೇಳಿ. ಆಗಿದ್ದರೆ ಯಾವ ದಿನ, ಯಾರ್‍ಯಾರು ಇದ್ದರು ನೋಡಿ. ಆಗಿಲ್ಲದಿದ್ದರೆ, ಅಗೆದ ರಸ್ತೆ ಮುಚ್ಚಿ ಕೊನೇ ಮನೆಗೂ ನೀರು ಬರುವ ತನಕ ಒಪ್ಪಿಗೆಗೆ ಕೈ ಎತ್ತಬೇಡಿ. ಪಂಚಾಯಿತಿಯೂ ಹಸ್ತಾಂತರ ಮಾಡಿಕೊಳ್ಳುವ ಮುಂಚೆ ಓಡಿಸಿ ನೋಡಬೇಕು. ಒಂದು ಸಲ ಸಹಿ ಬಿತ್ತು ಅಂದರೆ ಗುತ್ತಿಗೆದಾರ ಸಿಗುವುದು ಕಷ್ಟ.

ಇನ್ನು ನೀರು ಮತ್ತು ನೈರ್ಮಲ್ಯ ಸಮಿತಿ ಅಂತ ಊರಿಗೊಂದು ಇರಬೇಕು, 10ರಿಂದ 15 ಜನ, ಅರ್ಧದಷ್ಟಾದರೂ ಹೆಂಗಸರು. ನೀರು ಪರೀಕ್ಷೆ ಮಾಡಲು ಐದು ಹೆಂಗಸರಿಗೆ ತರಬೇತಿ, ಕಿಟ್ಟು ಕೂಡ. ನಿಮ್ಮೂರಿನ ಆ ಐವರು ಯಾರು ಅಂತ ಸುಮ್ನೆ ಒಮ್ಮೆ ಕೇಳಿ ನೋಡಿ. ಕೆಲವೊಮ್ಮೆ ಅವರಿಗೇ ಗೊತ್ತಿರುವುದಿಲ್ಲ.

ಪ್ರಶ್ನೆ: ನಮ್ಮದು ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿದ್ದ ಊರು. ಪೇಟೆ ಬೀದಿಗೆ ಗ್ರಾನೈಟ್ ಕಲ್ಲು, ನಮ್ಮ ಬಡಾವಣೆಗೆ ಚರಂಡಿಯೂ ಇಲ್ಲ. ಕಾರ್ಪೊರೇಟರ್ ಕೇಳಿದರೆ ‘ನನ್ನ ಕೈಯಲ್ಲಿ ಇಲ್ಲ’ ಅಂದರು. ನುಣುಚಿಕೊಂಡರಾ?
– ನಿವೃತ್ತ ಶಿಕ್ಷಕ

ಉತ್ತರ: ಈ ವಿಷಯದಲ್ಲಿ ಅವರು ಹೇಳಿದ್ದು ಹೆಚ್ಚುಕಮ್ಮಿ ನಿಜ ಸರ್. ಕರ್ನಾಟಕದ ಏಳು ನಗರಗಳು ಆ ಪಟ್ಟಿಯಲ್ಲಿದ್ದವು. ಬೆಳಗಾವಿ, ದಾವಣಗೆರೆ 2016ರ ಮೊದಲ ಇಪ್ಪತ್ತರಲ್ಲೇ ಬಂದವು. ಆಮೇಲೆ ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ-ಧಾರವಾಡ, ಕೊನೆಗೆ ಬೆಂಗಳೂರು. ನಗರಕ್ಕೆ ಕೇಂದ್ರದಿಂದ 500 ಕೋಟಿವರೆಗೆ, ಅಷ್ಟೇ ಪಾಲು ರಾಜ್ಯ ಮತ್ತು ಪಾಲಿಕೆಯಿಂದ ಅನ್ನುವುದು ಒಪ್ಪಂದ. ಆದರೆ ದುಡ್ಡು ಪಾಲಿಕೆಯ ಕೌನ್ಸಿಲಿಗೆ ಬರಲಿಲ್ಲ. ರಾಜ್ಯ ಮತ್ತು ಪಾಲಿಕೆ ಸಮಪಾಲು ಇರುವ ಒಂದು ಕಂಪನಿ ಕಟ್ಟಿ, ಅದರ ಕೈಗೆ ಕೊಟ್ಟರು. ನೀವು ಓಟು ಹಾಕಿದ್ದು ಕಾರ್ಪೊರೇಟರಿಗೆ, ತೀರ್ಮಾನ ಮಾಡಿದ್ದು ಕಂಪನಿಯ ಬೋರ್ಡು. ನನಗೆ ಇದು ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಕೆಲಸ ಬೇಗ ಆಗಲಿ ಅಂತ ಹಾಗೆ ಮಾಡಿದೆವು ಅನ್ನುತ್ತಾರೆ. ಬೇಗ ಆಯಿತಾ ಅನ್ನುವುದು ಆ ಬೀದಿಗಳಲ್ಲಿ ಅಂಗಡಿ ಇಟ್ಟವರಿಗೆ ಚೆನ್ನಾಗಿ ಗೊತ್ತು.

ನಿಮ್ಮ ಬಡಾವಣೆ ಬಿಟ್ಟುಹೋಗಿದ್ದಕ್ಕೂ ಕಾರಣ ಇದೆ. ಇಡೀ ಊರಿನ ಬದಲು ಒಂದು ಪ್ರದೇಶವನ್ನು ಆರಿಸಿ ಸುಧಾರಿಸಿ ಅನ್ನುವುದೇ ಯೋಜನೆಯ ಮಾದರಿ, ಇರುವ ಪ್ರದೇಶವನ್ನೇ ಸುಧಾರಿಸುವುದಾದರೆ ಕನಿಷ್ಠ 500 ಎಕರೆ. ಹಾಗಾಗಿ ಬಹಳಷ್ಟು ದುಡ್ಡು ಆ ಗೆರೆಯೊಳಗೇ ಸುರಿಯಿತು. 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿದಿದೆ. ನಿಮ್ಮ ಚರಂಡಿಗೆ ಇನ್ನು ಪಾಲಿಕೆಯ ಸ್ವಂತ ಬಜೆಟ್ಟು, ಹಣಕಾಸು ಆಯೋಗದ ಅನುದಾನವೇ ಗತಿ. ಅಲ್ಲಿ ಕಾರ್ಪೊರೇಟರ್ ‘ನನ್ನ ಕೈಯಲ್ಲಿ ಇಲ್ಲ’ ಅನ್ನುವ ಹಾಗಿಲ್ಲ, ಹಿಡಿದು ಕೇಳಿ.

ಪ್ರಶ್ನೆ: ಇಷ್ಟೆಲ್ಲ ಕೇಂದ್ರದ ದುಡ್ಡೇ ಆದರೆ ನಮ್ಮ ಪಂಚಾಯಿತಿ ನೇರವಾಗಿ ದಿಲ್ಲಿಗೇ ಬರೆಯಬಾರದಾ? ಮಧ್ಯೆ ಬೆಂಗಳೂರು ಯಾಕೆ?
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬರೆಯಬಹುದಪ್ಪಾ, ಯಾರೂ ತಡೆಯಲ್ಲ. ಆದರೆ ಸ್ಥಳೀಯ ಆಡಳಿತ ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿದೆ. 1989ರಲ್ಲಿ ರಾಜೀವ್ ಗಾಂಧಿ ಸರ್ಕಾರ ಪಂಚಾಯಿತಿಗಳಿಗಾಗಿ 64ನೇ ತಿದ್ದುಪಡಿ ತಂದಾಗ ‘ನಮ್ಮನ್ನು ದಾಟಿ ದಿಲ್ಲಿ ನೇರವಾಗಿ ಹಳ್ಳಿಗೆ ಕೈ ಹಾಕುತ್ತಿದೆ’ ಎಂದು ರಾಜ್ಯಗಳ ಕಡೆಯಿಂದ ವಿರೋಧ ಎದ್ದಿತ್ತು, ರಾಜ್ಯಸಭೆಯಲ್ಲಿ ಅದು ಬಿದ್ದೇ ಹೋಯಿತು. ಆ ಹೊತ್ತಿಗೆ ನಮ್ಮಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಓಡಾಡಿ ತಂದ 1983ರ ಕಾಯ್ದೆ ಇತ್ತು, 1987ರಲ್ಲಿ ಚುನಾವಣೆಯೂ ಆಗಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ನಡೆಯುತ್ತಿದ್ದವು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್‌ನಲ್ಲಿ. ಯಾವ ಅಧಿಕಾರ, ಯಾವ ಸಿಬ್ಬಂದಿ ಕೊಡಬೇಕು ಅನ್ನುವುದನ್ನು ಅದೂ ರಾಜ್ಯಕ್ಕೇ ಬಿಟ್ಟಿದೆ.

ದುಡ್ಡಿನ ದಾರಿಯೂ ಹಾಗೇ. ಕೇಂದ್ರದಿಂದ ರಾಜ್ಯದ ಖಜಾನೆಗೆ, ಅಲ್ಲಿಂದ 10 ಕೆಲಸದ ದಿನದೊಳಗೆ ಪಂಚಾಯಿತಿಗೆ. ತಡವಾದರೆ ರಾಜ್ಯ ಬಡ್ಡಿ ಸೇರಿಸಿ ಕೊಡಬೇಕು. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಅನುದಾನವೇ ಇಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಅವುಗಳ ಪಾಲಿನ ಅನುದಾನಕ್ಕೆ ಅದೇ ಅಡ್ಡ ಬಂತು. ಅದಕ್ಕೆ ದಿಲ್ಲಿಯನ್ನು ಬೈದು ಏನು ಪ್ರಯೋಜನ?

ನಿಮ್ಮ ಪತ್ರ ದಿಲ್ಲಿಗೆ ಹೋದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಅಲ್ಲಿಂದ ‘ಸೂಕ್ತ ಕ್ರಮಕ್ಕಾಗಿ’ ಎಂದು ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲಾ ಪಂಚಾಯಿತಿ ಸಿಇಓಗೆ, ಅವರಿಂದ ತಾಲ್ಲೂಕು ಪಂಚಾಯಿತಿ ಇಓಗೆ, ಅವರಿಂದ ‘ವರದಿ ಸಲ್ಲಿಸಿ’ ಎಂದು ನಿಮ್ಮ ಪಿಡಿಓ ಮೇಜಿಗೆ ಬರುತ್ತದೆ. ಅವರು ನಿಮ್ಮನ್ನೇ ಕರೆದು ಕೇಳುತ್ತಾರೆ, ‘ಏನಪ್ಪಾ, ಇದನ್ನ ನಂಗೇ ಹೇಳಬಹುದಿತ್ತಲ್ಲ’ ಅಂತ.