ರಾಜೀನಾಮೆ ಪತ್ರ ಹಿಡಿದು ಬಂದ ಡ್ರಾಯಿಂಗ್ ಮೇಷ್ಟ್ರು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಅನುದಾನಿತ ಪ್ರೌಢಶಾಲೆಯೊಂದರಲ್ಲಿ 16 ವರ್ಷಗಳಿಂದ ಚಿತ್ರಕಲಾ ಶಿಕ್ಷಕರಾಗಿರುವ, 45ರ ಆಸುಪಾಸಿನ ಒಬ್ಬರು ಪತ್ನಿಯೊಂದಿಗೆ ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದಿದ್ದರು. ಮುದ್ರಣಕಲೆಯಲ್ಲಿ, ಅದರಲ್ಲೂ ಲೋಹದ ತಗಡಿನ ಮೇಲೆ ಆಮ್ಲದಿಂದ ಚಿತ್ರ ಕೊರೆದು ಅಚ್ಚು ತೆಗೆಯುವ ಎಚಿಂಗ್‌ನಲ್ಲಿ, ತರಬೇತಿ ಪಡೆದಿದ್ದ ಅವರು ಏಳು ವರ್ಷಗಳಿಂದ ಒಂದೇ ಒಂದು ಪ್ರಿಂಟ್ ತೆಗೆದಿರಲಿಲ್ಲ. ಸಾಲ ಮಾಡಿ ಕೊಂಡ ಪ್ರೆಸ್ಸು ಹಿತ್ತಲ ಜಗಲಿಯಲ್ಲಿ ಟಾರ್ಪಾಲಿನಡಿ ಬಿದ್ದಿದೆ, ಅದರ ಚಕ್ರದ ಮೇಲೆ ಈಗ ಬಟ್ಟೆ ಒಣಹಾಕುತ್ತಾರೆ ಎಂಬುದನ್ನು ಎರಡು ಸಲ ಹೇಳಿದರು. ರಾಜೀನಾಮೆ ಪತ್ರ ಬ್ಯಾಗಿನಲ್ಲೇ ಇತ್ತು.

ನಿದ್ರೆ, ಹಸಿವು, ಕುಡಿತ, ಬದುಕು ಸಾಕೆನ್ನಿಸುವ ಆಲೋಚನೆಗಳ ಬಗ್ಗೆ ಮೊದಲು ವಿಚಾರಿಸಿದೆ; ಮನೋವೈದ್ಯರಲ್ಲಿಗೆ ಕಳುಹಿಸಬೇಕಾದಂಥದ್ದು ಕಾಣಲಿಲ್ಲ.

ಅವರ ದೂರುಗಳಲ್ಲಿ ಹೆಚ್ಚಿನವು ನ್ಯಾಯವಾದವೇ. ಗಣಿತದ ಪಾಠ ಹಿಂದೆ ಬಿದ್ದರೆ ಡ್ರಾಯಿಂಗ್ ಪೀರಿಯಡ್ಡೇ ಹೋಗುತ್ತದೆ. ವಾರ್ಷಿಕೋತ್ಸವದ ಪರದೆಯಿಂದ ಶೌಚಾಲಯದ ಫಲಕದವರೆಗೆ ಬರೆಯುವುದೆಲ್ಲ ಇವರ ಪಾಲು. ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳು ಬಂದಾಗ ಮಾತ್ರ ಇವರೊಬ್ಬ ಶಿಕ್ಷಕರೆಂಬುದು ಶಾಲೆಗೆ ನೆನಪಾಗುತ್ತದೆ. ಆದರೆ ಬಂಗಾಳದ ಮುದ್ರಣ ಕಲಾವಿದ ಸೋಮನಾಥ ಹೋರ್ ಶಾಂತಿನಿಕೇತನದ ಕಲಾಭವನದಲ್ಲಿ ಪಾಠ ಮಾಡುತ್ತಲೇ 1970ರ ದಶಕದಲ್ಲಿ ‘ಗಾಯಗಳು’ ಸರಣಿಯ ಪ್ರಿಂಟುಗಳನ್ನು ಮಾಡಿದರು, ತಮ್ಮಿಂದ ಮಾತ್ರ ಆಗಲಿಲ್ಲ ಎಂದು ಅವರು ಕೊರಗಿದಾಗ, ಆ ಹೋಲಿಕೆ ಸರಿಯಲ್ಲವೆಂದೆ. ಅಲ್ಲಿ ಪ್ರೆಸ್ಸು, ಜೊತೆಗಾರರು ಎಲ್ಲವೂ ಕೆಲಸದ ಜಾಗದಲ್ಲೇ ಇದ್ದವು; ಇವರ ಶಾಲೆಯಲ್ಲಿ ಚಿತ್ರಕಲೆಗೆಂದು ಒಂದು ಕೊಠಡಿಯೂ ಇಲ್ಲ.

ಮುಖ್ಯ ವಿಷಯ ಹೊರಬಿದ್ದದ್ದು, ತಮ್ಮ ಕೆಲಸವನ್ನು ನಿಲ್ಲಿಸಿದವರು ಪತ್ನಿಯೇ ಎಂದು ಅವರು ಹೇಳಿದಾಗ. ಆಕೆ ಅತ್ತ ತಿರುಗದೆ ನನಗೇ ಹೇಳಿದರು: “ಚಿತ್ರ ಬೇಡ ಅಂದಿದ್ದಲ್ಲ ಮೇಡಂ, ಆ ಹೊಗೆ ಬೇಡ ಅಂದಿದ್ದು. ಮಗಳಿಗೆ ಆಗ ಉಬ್ಬಸ ಇತ್ತು.” ಕಿಟಕಿಯಿಲ್ಲದ ಬಚ್ಚಲಲ್ಲಿ ಸತುವಿನ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಇಟ್ಟಾಗ ಏಳುವ ಕಂದುಹೊಗೆ ನೈಟ್ರೋಜನ್ ಡೈಆಕ್ಸೈಡ್, ಉಬ್ಬಸದ ಮಗುವಿರುವ ಮನೆಯಲ್ಲಿ ಅದಕ್ಕೆ ಆಕ್ಷೇಪಿಸದಿರುವುದೇ ತಪ್ಪಾಗುತ್ತಿತ್ತು. ಗಂಡ ಅದನ್ನು ಕಲೆಗೇ ಬಂದ ಆಕ್ಷೇಪವೆಂದು ತಿಳಿದು ಏಳು ವರ್ಷ ಮೌನವಾಗಿದ್ದರು.

ಸಾಲದ ಕಂತು ಮುಗಿಯುವವರೆಗೆ ರಾಜೀನಾಮೆಯ ಮಾತು ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ಆರು ತಿಂಗಳು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲಿನ ಮೂರು ಗಂಟೆ, ಅವರದೇ ಆಗಿರಬೇಕು; ಮೊದಲಿಗೆ ಆಮ್ಲವೂ ಬೇಡ, ಪ್ರೆಸ್ಸೂ ಬೇಡ, ಲಿನೋ ಎಂಬ ಮೆತ್ತನೆಯ ಹಾಳೆಯನ್ನು ಕೊರೆದು ಮಸಿ ಹಚ್ಚಿ ಕಾಗದದ ಬೆನ್ನನ್ನು ಚಮಚದಿಂದ ಉಜ್ಜಿ ಪ್ರಿಂಟ್ ತೆಗೆದರೆ ಸಾಕು. ಎಂಟು ಪ್ರತಿಗಳ ಒಂದು ಎಡಿಷನ್ ಮುಗಿಸಿ ತರಲು ಹೇಳಿದೆ. ಮುಖ್ಯೋಪಾಧ್ಯಾಯರಲ್ಲಿ ದೂರು ಹೇಳುವ ಬದಲು ವಾರಕ್ಕೊಂದು ಜೋಡಿ ಪೀರಿಯಡ್ಡನ್ನು ಲಿಖಿತವಾಗಿ ಕೇಳುವಂತೆಯೂ ಸೂಚಿಸಿದೆ. ಎಚಿಂಗ್‌ಗೆ ನೈಟ್ರಿಕ್ ಬಿಟ್ಟು ಬೇರೆ ದಾರಿಯೇ ಇಲ್ಲವೇ ಎಂದು ನಾನು ಕೇಳಿದಾಗ, ಮೈಲುತುತ್ತ ಮತ್ತು ಉಪ್ಪಿನ ದ್ರಾವಣದಲ್ಲಿಯೂ ಸತುವನ್ನು ಕೊರೆಯಬಹುದು, ಅದರಲ್ಲಿ ಆ ಕಂದುಹೊಗೆ ಏಳುವುದಿಲ್ಲ ಎಂದರು. ಅಡಿಕೆ ತೋಟದ ಮನೆಯವರಾದ ಪತ್ನಿ ತಕ್ಷಣ, “ಕೊಳೆರೋಗಕ್ಕೆ ಹೊಡೆಯೋ ಬೋರ್ಡೋಗೆ ಹಾಕ್ತಾರಲ್ಲ, ಅದೇ ತಾನೆ? ಅದು ವಿಷ. ಜಗಲೀಲಿ ಮಾಡಿ, ಮಿಕ್ಕಿದ್ದನ್ನ ಚರಂಡಿಗೆ ಚೆಲ್ಲಬೇಡಿ” ಎಂದರು. ಆ ದಿನ ಆಕೆ ಗಂಡನತ್ತ ತಿರುಗಿ ಆಡಿದ ಮೊದಲ ಮಾತು ಅದು.

ಮೂರನೆಯ ಭೇಟಿಗೆ ಶಾಲೆಯ ನಲ್ಲಿಯ ಲಿನೋ ಪ್ರಿಂಟ್ ತಂದಿದ್ದರು, ಮೂಲೆಯಲ್ಲಿ ಪೆನ್ಸಿಲಿನಿಂದ 3/8 ಎಂದಿತ್ತು. ಐದು ಪ್ರತಿ ಇನ್ನೂ ಬಾಕಿ. ರಾಜೀನಾಮೆ ಪತ್ರ ಹರಿದಿಲ್ಲ, ಬ್ಯಾಗಿನಲ್ಲೇ ಇದೆ ಎಂದರು. ಇರಲಿ ಎಂದೆ.